ಮೂರು ಚುಕ್ಕೆಯ ಕತ್ತಿ

ಬೈಲಹೊಂಗಲ
9 ಜೂನ್ 1996

ಮಡಿವಾಳೆಪ್ಪ ಕಾಕಾ ಅವರಿಗೆ ಕಾಂತೇಶನ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಬೈಲಹೊಂಗಲದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೇನೆ. ಹುಟ್ಟಿದ್ದು ನಿಮ್ಮ ಹೂಲಿಯಲ್ಲೇ, ಆದರೆ ಹದಿನಾಲ್ಕು ವರ್ಷದಿಂದ ಸಂಸಾರ ಇಲ್ಲಿ. ನೀವೀಗ ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದೀರಿ ಎಂದು ಹೇಳಿ ಈ ವಿಳಾಸ ಕೊಟ್ಟವನು ಆ ದಾರಿಯ ಗಾಡಿಯ ಕಂಡಕ್ಟರ್ ಮಲಕಾಜಪ್ಪ.

ಮಾರ್ಚ್ ತಿಂಗಳಲ್ಲಿ ನಮ್ಮ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಗಿದೆ, ಒಂದೆರಡು ಮಾತು ಬಿಟ್ಟರೆ ಏನೂ ತಿಳಿಯುವುದಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಒಮ್ಮೆಯೂ ಕಟಿಂಗ್ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಕಂಡಿಲ್ಲ. ಕನ್ನಡಿಯ ಚೂರೊಂದನ್ನು ಗೋಡೆಗೆ ಆನಿಸಿಕೊಂಡು ತಮ್ಮ ದಾಡಿ ತಾವೇ ಮಾಡಿಕೊಳ್ಳುತ್ತಿದ್ದರು. ಈಗ ಗಡ್ಡ ಪೊದೆಯಾಗಿದೆ. ಕುಡಿಸಿದ ಗಂಜಿ ಅದರೊಳಗೆ ಇಳಿದು ಕೆಳಗಿನ ಚರ್ಮವೆಲ್ಲ ಹುಣ್ಣು. ದವಾಖಾನೆಯಲ್ಲಿ "ಮೊದಲ ಗಡ್ಡ ತಗೀರಿ, ಆಮ್ಯಾಲ ಮುಲಾಮು ಹಚ್ಚೂಣು" ಎಂದು ಕಳಿಸಿದರು. ನಾನು ಬ್ಲೇಡು ಹಿಡಿದು ಹತ್ತಿರ ಹೋದರೆ ಎಡಗೈಯಿಂದ ಹೊಡೆಯುತ್ತಾರೆ. ಅಂಗಡಿಯವನನ್ನು ಮನೆಗೇ ಕರೆತಂದೆ, ಅವನ ಬೆರಳು ಕಚ್ಚಿದರು.

ಹೋದ ಭಾನುವಾರ ಅಪ್ಪನ ಟ್ರಂಕಿನಲ್ಲಿ ಹಳೆಯ ಧೋತರ ಹುಡುಕುವಾಗ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಮಡಚುವ ಕ್ಷೌರದ ಕತ್ತಿ, ಕೊಂಬಿನ ಹಿಡಿಯದು. ಮೈತುಂಬ ತುಕ್ಕು. ಅಪ್ಪ ನೋಡಿದವರೇ ಎಡಗೈ ಚಾಚಿದರು. ಕೊಟ್ಟೆ. ಕಣ್ಣು ಮುಚ್ಚಿ ಬಹಳ ಹೊತ್ತು ಹಿಡಿದುಕೊಂಡರು, ಆಮೇಲೆ ನನ್ನ ಕೈಗೆ ಕೊಟ್ಟು ಗದ್ದ ಮೇಲೆತ್ತಿದರು. ಮೂರು ತಿಂಗಳಲ್ಲಿ ಅದೇ ಮೊದಲು. ಈ ಕತ್ತಿಯಿಂದಾದರೆ ಮಾಡಿಸಿಕೊಳ್ಳುತ್ತಾರೆ, ಬೇರೆ ಯಾವುದರಿಂದಲೂ ಇಲ್ಲ.

ಆದರೆ ಈ ಕತ್ತಿ ಬೆಣ್ಣೆಯನ್ನೂ ಕೊಯ್ಯಲಾರದು. ಏಡ್ಸ್ ಕಾಯಿಲೆಯ ಹೆದರಿಕೆ ಹಬ್ಬಿದ ಮೇಲೆ ಇಲ್ಲಿಯವರೆಲ್ಲ ಅರ್ಧ ಬ್ಲೇಡಿಗೆ ಬಿದ್ದಿದ್ದಾರೆ, ಹಳೆಯ ಕತ್ತಿ ಮಸೆಯುವುದು ಯಾರಿಗೂ ಬಾರದು. ಎಲ್ಲರ ಬಾಯಲ್ಲೂ ಒಂದೇ, "ಹೂಲಿ ಮಡಿವಾಳೆಪ್ಪನ್ನ ಕೇಳ್ರಿ." ಕಬ್ಬಿಣ ನನಗೆ ಹೊಸದಲ್ಲ, ಇಂಜಿನ್ನಿನ ವಾಲ್ವುಗಳನ್ನು ಕೂರಿಸಿದ ಕೈ ಇದು. ಆದರೆ ಇಂಥ ಸೂಕ್ಷ್ಮದ ಕೆಲಸ ಮಾಡಿಲ್ಲ. ಪತ್ರದಲ್ಲೇ ಕಲಿಸಿಕೊಟ್ಟರೆ ನಿಮ್ಮ ಹೆಸರು ಹೇಳಿಕೊಂಡು ಮಾಡುತ್ತೇನೆ.

ನಿಮ್ಮ
ಕಾಂತೇಶ


ರಾಮದುರ್ಗ
20 ಜೂನ್ 1996

ಬಸ್ಸುಗಳ ವೈದ್ಯರಾದ ಕಾಂತೇಶ ಅವರಿಗೆ,

ನಿಮ್ಮ ಪತ್ರ ಓದಿ ನಕ್ಕೆ. ಆರು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿಲ್ಲ, "ಅಪ್ಪಾ, ಬಾಗಲದಾಗಿಂದ ತುಸು ಸರೀರಿ" ಎಂಬುದೊಂದನ್ನು ಬಿಟ್ಟು. ಕೈ ನಡುಗಲು ಹತ್ತಿದ ದಿನ ಹಡಪವನ್ನು, ಅಂದರೆ ನಮ್ಮ ಕ್ಷೌರದ ಚೀಲವನ್ನು, ಗೂಟಕ್ಕೆ ಹಾಕಿ ಬಂದವನು ನಾನು. ನನ್ನ ದಾಡಿಯನ್ನೇ ಇಲ್ಲಿ ಬೇರೆಯವರು ಮಾಡುತ್ತಾರೆ. ಅರ್ಧ ಬ್ಲೇಡು ಹಿಡಿದು ಮೂಲಂಗಿ ಹೆರೆದ ಹಾಗೆ ಹೆರೆಯುತ್ತಾರೆ. ಒಳ್ಳೆಯ ಕತ್ತಿಯ ಬಾಯಿ ಕೆನ್ನೆಗೆ ತಾಗಿ ಎಷ್ಟು ಕಾಲವಾಯಿತೋ. ಸಾಯುವುದರೊಳಗೆ ಒಮ್ಮೆ ತಾಗಿದರೆ ಸಾಕು ಎಂದು ಆಸೆ.

ಈಗ ನಿಮಗೆ ಬುದ್ಧಿ. ಮೊದಲನೆಯದು, ನೀವು ಮೆಕ್ಯಾನಿಕ್ ಎಂಬುದನ್ನು ಮರೆಯಿರಿ. ಡಿಪೋದಲ್ಲಿ ಗರಗರ ತಿರುಗುವ ಚಕ್ರವಿರುತ್ತದಲ್ಲ, ಅದರ ಹತ್ತಿರ ಒಯ್ದರೆ ನಿಮ್ಮ ಕೈ ಮುರಿಯುತ್ತೇನೆ. ಕಾದರೆ ಕತ್ತಿಯ ಹದ ಹೋಗುತ್ತದೆ, ಹದ ಹೋದದ್ದು ಹೆಣ. ಮೂರು ದಿನ ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಡಿ. ಆಮೇಲೆ ಕುಳ್ಳಿನ ಬೂದಿಯನ್ನು ಸೋಸಿ, ಎಣ್ಣೆಯಲ್ಲಿ ಕಲಸಿ, ಸೀಸೆಯ ಬಿರಡೆಗೆ ಹಚ್ಚಿಕೊಂಡು ಉದ್ದಕ್ಕೆ ತಿಕ್ಕಿ. ಬೆರಳು ಯಾವಾಗಲೂ ಬೆನ್ನಿನ ಕಡೆಯಿಂದಿರಲಿ. ಅವಸರ ಮಾಡಿದರೆ ಗಡ್ಡದ ಬದಲು ಬೆರಳು ಹೋದೀತು.

ತುಕ್ಕು ಬಿಟ್ಟ ಮೇಲೆ ಕತ್ತಿ ಹೇಗೆ ಕಾಣುತ್ತದೆ, ಮೈಮೇಲೆ ಏನಾದರೂ ಬರೆದಿದೆಯೋ, ನೋಡಿ ತಿಳಿಸಿ. ಯಾರ ಕತ್ತಿಯೆಂದು ಗೊತ್ತಾದರೆ ಅದರ ಗುಣ ಗೊತ್ತಾಗುತ್ತದೆ.

ನಿಮ್ಮ ಮೇಲೆ ಇನ್ನೂ ಭರವಸೆ ಇಲ್ಲದ
ಮಡಿವಾಳೆಪ್ಪ ಹಡಪದ


ಬೈಲಹೊಂಗಲ
7 ಜುಲೈ 1996

ಕಾಕಾ ಅವರಿಗೆ ನಮಸ್ಕಾರ.

ನನ್ನ ಕೈ ಮುರಿಯಲು ಬನ್ನಿ. ನಿಮ್ಮ ಪತ್ರ ತಲುಪುವ ಹಿಂದಿನ ದಿನವೇ ಚಕ್ರಕ್ಕೆ ಹಿಡಿದಿದ್ದೆ. ತುದಿಯಲ್ಲಿ ಕಡಲೆಕಾಳಿನಷ್ಟು ಜಾಗ ನೀಲಿಯಾಯಿತು, ಹೆದರಿ ತೆಗೆದೆ. ಉಳಿದದ್ದು ಚೆನ್ನಾಗಿದೆ. ನೀವು ಹೇಳಿದಂತೆ ಚಿಮಣಿ ಎಣ್ಣೆ, ಬೂದಿ, ಬಿರಡೆ. ಎಂಟು ಸಂಜೆ ತಿಕ್ಕಿದೆ. ಮೊದಲು ಕೆಂಪು ನೀರು, ಆಮೇಲೆ ಕರಿ ನೀರು, ಕೊನೆಗೆ ಬೆಳ್ಳಗೆ ಕಬ್ಬಿಣ. ಇಂಜಿನ್ನು ಮೊದಲ ಸಲ ಚಾಲೂ ಆದಾಗ ಆಗುವಂಥ ಖುಷಿಯಾಯಿತು.

ಏನೂ ಬರೆದಿಲ್ಲ. ಆದರೆ ಕತ್ತಿಯ ಬಾಲದಲ್ಲಿ, ಹಿಡಿಯುವಾಗ ಹೆಬ್ಬೆರಳು ಕೂರುವ ಜಾಗದಲ್ಲಿ, ಮೊಳೆಯಿಂದ ಹೊಡೆದ ಮೂರು ಚುಕ್ಕೆಗಳಿವೆ. ಎರಡು ಸಾಲಿನಲ್ಲಿ, ಒಂದು ತುಸು ಪಕ್ಕಕ್ಕೆ ಜಾರಿದೆ. ಹಿಡಿ ಒಂದು ಕಡೆ ಸೀಳಿದ್ದು, ತಾಮ್ರದ ತಂತಿ ಸುತ್ತಿದ್ದಾರೆ.

ಅಪ್ಪನ ವಿಷಯ ಕೇಳಿ. ದಿನಾ ಸಂಜೆ ಕೈ ಚಾಚಿ ಕತ್ತಿ ಕೇಳುತ್ತಾರೆ. ಕೊಟ್ಟರೆ ನೋಡುವುದಿಲ್ಲ, ಕಣ್ಣು ಮುಚ್ಚಿ ಹೆಬ್ಬೆರಳನ್ನು ಆ ಮೂರು ಚುಕ್ಕೆಗಳ ಮೇಲೆ ಆಡಿಸುತ್ತಾರೆ. ನನ್ನ ಮಗಳು ಸ್ನೇಹಲ್ ಪಕ್ಕದಲ್ಲಿ ಕುಳಿತು "ಒಂದು, ಎರಡು, ಮೂರು" ಎಣಿಸುತ್ತಾಳೆ. ಆಗ ಅರ್ಧ ಬಾಯಿಯಲ್ಲಿ ನಗುತ್ತಾರೆ. ಪರೀಕ್ಷೆಗೆಂದು ಸಂತೆಯಲ್ಲಿ ಸಿಕ್ಕ ಇಂಥದೇ ಹಳೆಯ ಕತ್ತಿಯೊಂದನ್ನು ಕೊಟ್ಟು ನೋಡಿದೆ. ಹೆಬ್ಬೆರಳು ಬಾಲಕ್ಕೆ ಹೋಯಿತು, ಚುಕ್ಕೆ ಸಿಗಲಿಲ್ಲ, ಕತ್ತಿಯನ್ನು ಅಂಗಳಕ್ಕೆ ಎಸೆದರು. ಗುರುತು ಹಿಡಿಯುವುದು ಅದರಿಂದಲೇ.

ಹುಣ್ಣು ಕಿವಿಯವರೆಗೆ ಹಬ್ಬಿದೆ. ಮುಂದಿನ ಪಾಠ ಬೇಗ ಕಳಿಸಿ.

ನಿಮ್ಮ
ಕಾಂತೇಶ


ರಾಮದುರ್ಗ
15 ಜುಲೈ 1996

ಕಾಂತೇಶ ಅವರಿಗೆ,

ತಂದೆಯ ಹೆಸರೇನು? ಹೂಲಿಯಲ್ಲಿ ಯಾವ ಓಣಿ? ಅದು ತಿಳಿದ ಮೇಲೆ ಮುಂದಿನ ಪಾಠ.

ಮ. ಹಡಪದ


ಬೈಲಹೊಂಗಲ
22 ಜುಲೈ 1996

ಕಾಕಾ ಅವರಿಗೆ ನಮಸ್ಕಾರ.

ಅಪ್ಪನ ಹೆಸರು ಪರಪ್ಪ ಮೇತ್ರಿ. ಹೂಲಿಯ ಕೇರಿಯವರು ನಾವು. ಮೊದಲ ಪತ್ರದಲ್ಲೇ ಬರೆಯಬೇಕಿತ್ತು, ಬರೆದರೆ ಉತ್ತರ ಬರುವುದಿಲ್ಲವೆಂದು ಹೆದರಿ ಬಿಟ್ಟೆ. ಮೂವತ್ತಾರು ವರ್ಷದವನು, ಸರಕಾರಿ ನೌಕರ, ಹೀಗೆ ಹೆದರಿದ್ದಕ್ಕೆ ನನಗೇ ನಾಚಿಕೆ.

ನಮ್ಮೂರಲ್ಲಿ ನಿಮ್ಮ ಕತ್ತಿ ನಮ್ಮವರ ಮುಖ ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಈಗ ಕೇಳಲು ಹೊರಟಿಲ್ಲ. ಈ ಕತ್ತಿ ಅಪ್ಪನ ಕೈಗೆ ಹೇಗೆ ಬಂತೋ ನನಗೆ ತಿಳಿಯದು, ಅವ್ವನನ್ನು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ನನಗೆ ಬೇಕಾದದ್ದು ಅಪ್ಪನ ಮುಖ ತೊಳೆದು ಮುಲಾಮು ಹಚ್ಚುವುದು, ಅಷ್ಟೇ. ಕಲಿಸುವ ಮನಸ್ಸಿಲ್ಲದಿದ್ದರೆ ಒಂದು ಕಾರ್ಡು ಹಾಕಿ ಹೇಳಿಬಿಡಿ, ಕಾಯುವುದು ತಪ್ಪುತ್ತದೆ.

ಕಾಂತೇಶ ಪರಪ್ಪ ಮೇತ್ರಿ


ರಾಮದುರ್ಗ
19 ಆಗಸ್ಟ್ 1996

ಕಾಂತೇಶನಿಗೆ,

ಮೊಮ್ಮಗಳು ಉಮಾಶ್ರೀಗೆ ವರ ನೋಡುವ ಗಡಿಬಿಡಿ, ಅದಕ್ಕೆ ತಡ. ಹೂಲಿಯ ಹಿರಿಯರೇ ನಡುವೆ ನಿಂತಿದ್ದಾರೆ. ಒಳ್ಳೆಯ ಮನೆತನ.

ನೀನು ಯಾರ ಮಗನಾದರೇನು, ಕಬ್ಬಿಣಕ್ಕೆ ಅದೆಲ್ಲ ತಿಳಿಯುವುದಿಲ್ಲ. ಕಲಿಸುತ್ತೇನೆ, ಕೇಳು.

ಸಾಣೆಕಲ್ಲು ನುಣುಪಾಗಿರಲಿ. ನೀರು ಚಿಮುಕಿಸು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ಮಲಗಿರಬೇಕು. ಬೆನ್ನು ಕೂದಲೆಳೆಯಷ್ಟು ಎದ್ದರೂ ಕೆಲಸ ಕೆಟ್ಟಿತು. ಬಾಯಿ ಮುಂದಾಗಿ ತಳ್ಳು, ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸು, ಮರಳಿ ತಾ. ಭಾರ ಹಾಕಬೇಡ. ಆಮೇಲೆ ಚರ್ಮದ ಪಟ್ಟೆಗೆ ಎಳೆ, ಅಲ್ಲಿ ಬೆನ್ನು ಮುಂದು. ಮರೆತು ಬಾಯಿ ಮುಂದೆ ಮಾಡಿದರೆ ಪಟ್ಟೆ ಎರಡಾಗುತ್ತದೆ. ತಲೆಯ ಕೂದಲೊಂದನ್ನು ಕಿತ್ತು ತೂಗುಬಿಟ್ಟು ಬಾಯಿಗೆ ತಾಗಿಸು. ಸದ್ದಿಲ್ಲದೆ ಕಡಿದು ಬಿದ್ದರೆ ಕತ್ತಿ ಸಿದ್ಧ.

ಅದಕ್ಕೂ ಮೊದಲು ಒಂದು ಕೆಲಸ. ಆ ಮೂರು ಚುಕ್ಕೆಗಳೊಳಗೆ ತುಕ್ಕು ಅಡಗಿ ಕುಳಿತಿದೆ. ಮೇಲೆ ಎಷ್ಟು ತಿಕ್ಕಿದರೂ ಅಲ್ಲಿಂದ ಮತ್ತೆ ಹೊರಟು ಬಾಯಿಯವರೆಗೆ ಹಬ್ಬುತ್ತದೆ. ಹುಣ್ಣಾದ ಚರ್ಮಕ್ಕೆ ತುಕ್ಕಿನ ಕತ್ತಿ ತಾಗಿದರೆ ಏನಾಗುತ್ತದೆಂದು ನಿಮ್ಮ ದವಾಖಾನೆಯವರನ್ನೇ ಕೇಳು. ಅರದಿಂದ ಉಜ್ಜಿ ಚುಕ್ಕೆಗಳನ್ನು ತಳಸಹಿತ ತೆಗೆದುಬಿಡು, ಆ ಜಾಗ ಕನ್ನಡಿಯಾಗಬೇಕು. ನಿನ್ನ ತಂದೆ ಗುರುತು ಹಿಡಿಯದಿದ್ದರೆ ಎಂದು ಚಿಂತಿಸಬೇಡ. ಬಾಯಿ ಕೆನ್ನೆಗೆ ತಾಗಿದ ಕೂಡಲೇ ತಿಳಿಯುತ್ತದೆ. ಐವತ್ತು ವರ್ಷ ಜನರ ಮುಖ ಹಿಡಿದವನು ಹೇಳುತ್ತಿದ್ದೇನೆ.

ಮಡಿವಾಳೆಪ್ಪ ಹಡಪದ


ಬೈಲಹೊಂಗಲ
28 ಸೆಪ್ಟೆಂಬರ್ 1996

ಕಾಕಾ ಅವರಿಗೆ ನಮಸ್ಕಾರ.

ನೀವು ಈ ಸಲ ನನ್ನನ್ನು 'ನೀನು' ಎಂದು ಬರೆದಿದ್ದೀರಿ. ಎರಡು ಸಲ ಓದಿದೆ. ಮಗನ ಸಮಾನ ಎಂದುಕೊಂಡು ಬರೆದಿರಬೇಕು ಎಂದು ತಿಳಿದುಕೊಂಡೆ.

ಅಪ್ಪನ ಹೆಬ್ಬೆರಳು ನೆನಪಾಗಿ ಎರಡು ವಾರ ಅರ ಮುಟ್ಟಲಿಲ್ಲ. ಆಮೇಲೆ ಹುಣ್ಣಿನಲ್ಲಿ ಕೀವು ಕಂಡಿತು. ನೀವು ತಿಳಿದವರು, ನನ್ನದು ನಿನ್ನೆ ಮೊನ್ನೆಯ ಕೈ. ಡಿಪೋದ ಅತಿ ಸಣ್ಣ ಅರ ತಂದು ಉಜ್ಜಿದೆ. ಚುಕ್ಕೆಗಳು ಆಳವಾಗಿದ್ದವು, ಮೂರು ಸಂಜೆ ಹಿಡಿಯಿತು. ಪಕ್ಕಕ್ಕೆ ಜಾರಿದ್ದ ಆ ಒಂದು ಚುಕ್ಕೆ ಕೊನೆಯವರೆಗೂ ಹೋಗಲೊಲ್ಲದು. ಈಗ ಅಲ್ಲಿ ನನ್ನ ಮುಖ ಕಾಣುತ್ತದೆ. ಅಷ್ಟು ದಿನ ಕತ್ತಿಯನ್ನು ಡಿಪೋದಲ್ಲೇ ಇಟ್ಟಿದ್ದೆ. ಅಪ್ಪ ದಿನಾ ಕೈ ಚಾಚುತ್ತಿದ್ದರು, "ನಾಳಿ, ಅಪ್ಪಾ, ನಾಳಿ" ಎನ್ನುತ್ತಿದ್ದೆ.

ಬಾಯಿ ಬರಲು ಇಪ್ಪತ್ತು ದಿನ ಬೇಕಾಯಿತು. ಮೊದಮೊದಲು ಬೆನ್ನು ಏಳುತ್ತಿತ್ತು, ಭಾರ ಬೀಳುತ್ತಿತ್ತು. ಬೋಲ್ಟು ಬಿಗಿಯುವ ಕೈಗೆ ಹಗುರಾಗಿ ಹಿಡಿಯುವುದೇ ಕಷ್ಟದ ಪಾಠ. ಎರಡು ಪಟ್ಟೆ ಕೊಯ್ದೆ. ನಿನ್ನೆ ಸ್ನೇಹಲಳ ಕೂದಲೊಂದನ್ನು ತೂಗುಬಿಟ್ಟು ತಾಗಿಸಿದೆ. ಸದ್ದಿಲ್ಲದೆ ಬಿತ್ತು. ಅವಳು "ಅಪ್ಪಾ, ಎಲ್ಲೆ ಹೋತು?" ಎಂದು ನೆಲದಲ್ಲಿ ಹುಡುಕಿದಳು. ಕಾಕಾ, ಇಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ನಾಳೆ ಭಾನುವಾರ. ಬಿಸಿನೀರಿನ ಬಟ್ಟೆ ಹಾಕಿ ಗಡ್ಡ ಮೆತ್ತಗೆ ಮಾಡಿ ಶುರು ಮಾಡುತ್ತೇನೆ. ಮುಗಿದ ಮೇಲೆ ಅಪ್ಪನ ಫೋಟೋ ತೆಗೆಸಿ ನಿಮಗೊಂದು ಕಳಿಸುತ್ತೇನೆ.

ನಿಮ್ಮ ಶಿಷ್ಯ
ಕಾಂತೇಶ


ಬೈಲಹೊಂಗಲ
6 ಅಕ್ಟೋಬರ್ 1996

ಕಾಕಾ ಅವರಿಗೆ,

ಆಗಲಿಲ್ಲ.

ಬಿಸಿ ಬಟ್ಟೆ ಹಾಕಿದಾಗ ಸುಮ್ಮನೆ ಕುಳಿತಿದ್ದರು. ಕತ್ತಿ ಬಿಚ್ಚಿದ ಸದ್ದಿಗೆ ಕಣ್ಣು ಮುಚ್ಚಿ ಕೈ ಚಾಚಿದರು. ಕೊಟ್ಟೆ. ಹೆಬ್ಬೆರಳು ಬಾಲದ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಕತ್ತಿ ಹೊರಳಿಸಿ ಇನ್ನೊಂದು ಬದಿ ಮುಟ್ಟಿದರು. ಕಣ್ಣು ತೆರೆದು ನನ್ನನ್ನು ನೋಡಿದರು. ಸೊಟ್ಟ ಬಾಯಿಯಿಂದ ಒಂದೇ ಮಾತು, ಅದು ಮಾತ್ರ ಸ್ಪಷ್ಟವಾಗಿ ಬಂತು: "ಕಳ್ಳಾ."

ಕತ್ತಿಯನ್ನು ನನ್ನ ಮೇಲೆ ಬೀಸಿ ಒಗೆದರು. ಅಂಗೈ ಕೊಯ್ದಿದೆ, ನಾಲ್ಕು ಹೊಲಿಗೆ. ಬಾಯಿ ಎಷ್ಟು ಹರಿತವಾಗಿ ಬಂದಿದೆಯೆಂದರೆ ತಾಗಿದ್ದೇ ಗೊತ್ತಾಗಲಿಲ್ಲ.

ನಾನು ಅವರ ಕತ್ತಿ ಮಾರಿಕೊಂಡು ಬೇರೆಯದು ತಂದೆನೆಂದು ತಿಳಿದಿದ್ದಾರೆ. ಕೊಂಬಿನ ಹಿಡಿ ತೋರಿಸಿದೆ, ತಾಮ್ರದ ತಂತಿ ತೋರಿಸಿದೆ, ನೋಡಲೇ ಇಲ್ಲ. ಡಿಪೋದ ಮೊಳೆಯಿಂದ ಮತ್ತೆ ಮೂರು ಚುಕ್ಕೆ ಹೊಡೆದು ತಂದೆ. ಮುಟ್ಟಿ ಗೋಡೆಯ ಕಡೆಗೆ ತಿರುಗಿದರು. ಆ ಜಾರಿದ ಚುಕ್ಕೆ ಹಾಗೆಯೇ ಬರಲಿಲ್ಲ.

ಇಂಥ ಗುರುತಿನ ಚುಕ್ಕೆ ಎಷ್ಟು ಅಗಲ, ಎಷ್ಟು ಆಳ ಇರುತ್ತದೆ? ಯಾವ ಮೊಳೆಯಿಂದ ಹೊಡೆಯುತ್ತಾರೆ? ನಿಮಗೆ ಗೊತ್ತಿದ್ದರೆ ಕೂಡಲೇ ಬರೆಯಿರಿ. ಜ್ವರ ಶುರುವಾಗಿದೆ.

ಕಾಂತೇಶ


ಬೈಲಹೊಂಗಲ
27 ಅಕ್ಟೋಬರ್ 1996

ಕಾಕಾ, ಉತ್ತರ ಬರಲಿಲ್ಲ. ಈ ಕಾರ್ಡನ್ನು ಮಲಕಾಜಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಪ್ಪ ಗಂಜಿ ಬಿಟ್ಟಿದ್ದಾರೆ. ನಾನು ಹತ್ತಿರ ಹೋದರೆ ಮುಖ ತಿರುಗಿಸುತ್ತಾರೆ. ಚುಕ್ಕೆಯ ವಿಷಯ ಒಂದು ಸಾಲು ಬರೆಯಿರಿ, ಸಾಕು.

ಕಾಂತೇಶ


ಬೈಲಹೊಂಗಲ
15 ಡಿಸೆಂಬರ್ 1996

ಮಡಿವಾಳೆಪ್ಪನವರಿಗೆ,

ನವೆಂಬರ್ ಹನ್ನೊಂದರಂದು ಅಪ್ಪ ತೀರಿಕೊಂಡರು. ಗಡ್ಡದೊಂದಿಗೇ ಮಣ್ಣಿಗೆ ಹೋದರು. ಹೆಣಕ್ಕಾದರೂ ದಾಡಿ ಮಾಡೋಣವೆಂದು ಕತ್ತಿ ತಂದಿದ್ದೆ. ಅವ್ವ ಕೈ ಹಿಡಿದು, "ಬ್ಯಾಡಪಾ, ಸತ್ತ ಮ್ಯಾಲೂ ಅವರಿಗೆ ಮೋಸ ಮಾಡಬ್ಯಾಡ" ಎಂದಳು. ಅವ್ವನಿಗೂ ನಾನು ಕತ್ತಿ ಬದಲಿಸಿದವನೇ ಆಗಿದ್ದೆ.

ದಿನಗಳು ಮುಗಿದ ಮೇಲೆ ನಿಮ್ಮ ಪತ್ರಗಳನ್ನೆಲ್ಲ ಅವಳ ಮುಂದೆ ಓದಿದೆ. ಅರ ಹಿಡಿದು ಉಜ್ಜು ಎಂದು ಬರೆದ ಪತ್ರ ಮುಗಿಯುತ್ತಲೇ "ಯಾರಂದಿ? ಯಾವ ಮಡಿವಾಳೆಪ್ಪ?" ಎಂದಳು. ಹೇಳಿದೆ. ನನ್ನ ಅವ್ವ ಸಾವಂತ್ರೆವ್ವ ನಲವತ್ತೊಂದು ವರ್ಷ ಹೇಳದ ಮಾತನ್ನು ಅಂದು ಹೇಳಿದಳು. ಅವಳ ಬಾಯಲ್ಲೇ ಬರೆಯುತ್ತೇನೆ.

"ಮಡಿವಾಳೆಪ್ಪಂದೂ ನಿಮ್ಮಪ್ಪಂದೂ ಜೀವದ ಗೆಳೆತನ. ದನಾ ಕಾಯಾಕ ಕೂಡೇ ಹೋಗತಿದ್ರು. ನಮ್ಮ ಲಗ್ನ ಬಂತು. ಮ್ಯಾಲಿನ ಓಣ್ಯಾಗ ಮದುಮಗಗ ಹಡಪದಾವ್ರು ಬಂದು ದಾಡಿ ಮಾಡತಾರ, ನಮಗ ಯಾರ ಮಾಡಬೇಕು? 'ನಾ ಮಾಡತೇನಿ ಬಾ, ನೀನೂ ಮದುಮಗಾನ' ಅಂತ ಅಂವಾನ ಕರದಾ. ನಸುಕಿನ್ಯಾಗ ಹಳ್ಳದ ದಂಡಿಗೆ ಕುಂಡ್ರಿಸಿ ಚಾಲೂ ಮಾಡಿದಾ. ಬಲಗಲ್ಲ ಆಗಿತ್ತು. ಗೌಡರ ಆಳು ದನಾ ಹೊಡಕೊಂಡು ಬಂದು ನೋಡಿದಾ. ನೋಡಿದ್ದ ತಡ, ಮಡಿವಾಳೆಪ್ಪ ಎದ್ದು ನಿಂತು, 'ಕಳ್ಳಾ! ನನ್ನ ಹಡಪದಾಗಿನ ಕತ್ತಿ ಕದ್ದು ತನ್ನ ದಾಡಿ ಮಾಡ್ಕೊಳ್ಳಾಕ ಹತ್ಯಾನ' ಅಂತ ಒದರಿದಾ. ಚಾವಡಿ ಮುಂದ ಕಟ್ಟಿ ಬಡದ್ರು. ಮೈಲಿಗಿ ಆದ ಕತ್ತಿ ಬ್ಯಾಡಂತ ಅಂವಾನ ನಿಮ್ಮಪ್ಪನ ಮಾರಿ ಮ್ಯಾಲ ಒಗದಾ. ನಿಮ್ಮಪ್ಪಗ ಅರ್ಧಾ ದಾಡಿ ಮ್ಯಾಲನ ಅಕ್ಕಿಕಾಳು ಬಿದ್ದುವು. ಬಲಗಲ್ಲ ನುಣ್ಣಗ, ಎಡಗಲ್ಲ ಹಂಗ. ಮಂದಿ ನಕ್ಕರು. ನಾನೂ ಸಣ್ಣಾಕಿ, ನಾನೂ ನಕ್ಕೆ.

"ಆ ದಿನಾ ಬಂತಂದ್ರ ವರ್ಷಾ ಕತ್ತಿ ತಗದು ಆ ಚುಕ್ಕಿ ಮುಟ್ಟಿ ಹೇಳತಿದ್ರು, 'ಇನ್ನೂ ಅರ್ಧ ಉಳದೈತಿ, ಸಾವಂತ್ರಿ. ಬರತಾನ ಅಂವಾ. ಒಂದ ದಿನಾ ಬಂದು ಮುಗಸತಾನ.'"

ಅಪ್ಪ ನಿಮಗಾಗಿ ಕಾದಿದ್ದರು. ನನ್ನನ್ನು ಕಳ್ಳನೆಂದು ಕರೆದು ಸತ್ತರು. ನಿಮಗೆ ಒಂದೇ ಪ್ರಶ್ನೆ. ಚುಕ್ಕೆಗಳನ್ನು ಉಜ್ಜು ಎಂದು ಬರೆಯುವಾಗ ನಿಮಗೆ ಎಲ್ಲ ಗೊತ್ತಿತ್ತೇ?

ಕಾಂತೇಶ ಪರಪ್ಪ ಮೇತ್ರಿ


ರಾಮದುರ್ಗ
30 ಡಿಸೆಂಬರ್ 1996

ಕಾಂತೇಶ ಅವರಿಗೆ,

ಗೊತ್ತಿತ್ತು. ತಾಮ್ರದ ತಂತಿ ಎಂದು ಓದಿದಾಗಲೇ ಗೊತ್ತಾಯಿತು. ಆ ತಂತಿ ಸುತ್ತಿದವನು ನಾನೇ. ಮೂರು ಚುಕ್ಕೆ ನನ್ನ ತಂದೆಯ ಗುರುತು. ಮೂರನೆಯದನ್ನು ಹೊಡೆಯುವಾಗ ನಾನು ಅವರ ಬೆನ್ನ ಮೇಲೆ ಹಾರಿದ್ದೆ, ಕೈ ಜಾರಿತು. ಆಗ ನನಗೆ ನಾಲ್ಕು ವರ್ಷ.

ನಮ್ಮ ಕಸುಬಿನ ಮೊದಲ ಪಾಠವೇ ಅದು: ಕತ್ತಿಯ ಮೈ ಎಷ್ಟು ಬೇಕಾದರೂ ತಿಕ್ಕು, ಗುರುತು ಮುಟ್ಟಬೇಡ. ನೀವು ಬೇರೆ ಯಾರೇ ಆಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಪರಪ್ಪನ ಹೆಸರು ಕಂಡ ಮೇಲೆ ಒಂದು ತಿಂಗಳು ಯೋಚಿಸಿದೆ. ಅವನು ನನ್ನ ಕತ್ತಿ ಕದ್ದ ಕತೆಯನ್ನು ನಲವತ್ತು ವರ್ಷ ಹೇಳಿದ್ದೇನೆ. ಮಗಳಿಗೆ, ಅಳಿಯನಿಗೆ, ಬೀಗರಾಗಲು ಬಂದವರಿಗೆ. ಕದ್ದವನಾಗಿದ್ದರೆ ಮರುದಿನವೇ ಮಾರುತ್ತಿದ್ದ, ಹೀಗೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿರಲಿಲ್ಲ. ಅದು ನಿಮ್ಮ ಮನೆಯಲ್ಲಿ ಚುಕ್ಕೆಯೊಂದಿಗೆ ಇದ್ದರೆ ನಾಳೆ ಹೂಲಿಯವರು ಯಾರಾದರೂ ನೋಡಿ ಕೇಳುತ್ತಾರೆ. ಅವನು ಗುಣವಾಗಿ ಬಾಯಿ ಬಂದರೆ, ನಾನೇ ಅವನ ದಾಡಿ ಮಾಡಿದೆನೆಂದು ಹೇಳುತ್ತಾನೆ. ಮೊಮ್ಮಗಳ ಮದುವೆಯ ಹೊತ್ತು. ಅಳಿಸಿಬಿಟ್ಟರೆ ಅದು ಯಾರದೋ ಒಂದು ಕತ್ತಿ. ಅವನು ನಿಮ್ಮ ಮುಂದೆ ಗದ್ದ ಎತ್ತುವುದಿಲ್ಲ ಎಂಬುದೂ ಗೊತ್ತಿತ್ತು. ಎಲ್ಲ ನೀವೇ ಬರೆದು ತಿಳಿಸಿದ್ದಿರಿ.

ಅವನು ಕಾಯುತ್ತಿದ್ದಾನೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ಸುಳ್ಳು ಹೇಳಲಾರೆ. ಅವನ ಎಡಗಲ್ಲ ಎಷ್ಟೋ ಸಲ ಕನಸಿನಲ್ಲಿ ಬಂದಿದೆ. ಎದ್ದು ಮುಖ ತೊಳೆದುಕೊಂಡು ಅಂಗಡಿ ತೆರೆಯುತ್ತಿದ್ದೆ.

ಅಳುವವನಲ್ಲ ನಾನು. ಸಿಟ್ಟಿದ್ದರೆ ಬನ್ನಿ, ಬೈಯಿರಿ, ಹೊಡೆಯಿರಿ. ಬರುವಾಗ ಕತ್ತಿ ತನ್ನಿ. ಕೂದಲು ಸದ್ದಿಲ್ಲದೆ ಬಿತ್ತೆಂದು ಬರೆದಿದ್ದಿರಿ. ನನ್ನ ಕೈಯ ಶಿಷ್ಯ ನೀವೊಬ್ಬರೇ. ಆ ಬಾಯಿ ಒಮ್ಮೆ ನೋಡಬೇಕು.

ಮಡಿವಾಳೆಪ್ಪ ಹಡಪದ


ಬೈಲಹೊಂಗಲ
6 ಜನವರಿ 1997

ಮಡಿವಾಳೆಪ್ಪನವರಿಗೆ,

ಹತ್ತೊಂಬತ್ತರಂದು ಭಾನುವಾರ, ಬೆಳಗಿನ ಗಾಡಿಗೆ ಬರುತ್ತೇನೆ. ಅಲ್ಲಿಯವರೆಗೆ ದಾಡಿ ಬಿಟ್ಟುಕೊಂಡಿರಿ. ಬಿಸಿನೀರು ಇಡಿಸಿರಿ, ಸಾಕು.

ಕಾಂತೇಶ


ರಾಮದುರ್ಗ
7 ಫೆಬ್ರವರಿ 1997

ಕಾಂತೇಶಣ್ಣ ಅವರಿಗೆ ಗುರವ್ವನ ನಮಸ್ಕಾರಗಳು.

ನಾನು ಮಡಿವಾಳೆಪ್ಪನವರ ಮಗಳು. ಅಂದು ಬಿಸಿನೀರು ತಂದುಕೊಟ್ಟವಳು ನಾನೇ. ನಮ್ಮ ಅಪ್ಪನಿಗೂ ನಿಮಗೂ ಏನಿದೆಯೋ ನನಗೆ ಗೊತ್ತಿಲ್ಲ, ಕೇಳಿದರೆ ಅವರು ಹೇಳುವುದಿಲ್ಲ.

ನೀವು ಬರುವ ದಿನ ಅಪ್ಪ ನಸುಕಿಗೇ ಎದ್ದು ಸ್ನಾನ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದರು. ನೀವು ದಾಡಿ ಶುರು ಮಾಡಿದಾಗ ಓಣಿಯ ಮಂದಿಯೆಲ್ಲ ನಿಂತು ನೋಡಿದರು. ಅಷ್ಟು ನಾಜೂಕಿನ ಕೈ ನಾನೂ ಕಂಡಿಲ್ಲ. ಬಲಗಲ್ಲ ಮುಗಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ "ಭೇಷ್! ಇದಕ್ಕಂತಾರ ಬಾಯಿ" ಎಂದರು. ಅವರು ಯಾರನ್ನಾದರೂ ಹೊಗಳಿದ್ದನ್ನು ಅಂದೇ ಕೇಳಿದ್ದು. ನೀವು ಕತ್ತಿ ಒರೆಸಿ ಮಡಚಿ ಚೀಲದಲ್ಲಿಟ್ಟು, "ಗಾಡಿ ಹೊತ್ತಾತ್ರಿ" ಎಂದು ಎದ್ದು ಹೋದಿರಿ. ಮರೆತು ಹೋಗಿರಬೇಕು, ಮರಳಿ ಬರುತ್ತೀರಿ ಎಂದು ಚಹಾ ಕಾಸಿ ಇಟ್ಟಿದ್ದೆ. ಎಡಗಲ್ಲದ ಸಾಬೂನು ಅಲ್ಲೇ ಒಣಗಿತು, ಸಂಜೆಯವರೆಗೆ ಒರೆಸಗೊಡಲಿಲ್ಲ.

ಇವತ್ತಿಗೆ ಹತ್ತೊಂಬತ್ತು ದಿನ. ಅಂಗಡಿಯವನನ್ನು ಕರೆಸಿದರೆ "ಅಂವಾ ಬರತಾನ, ಅಂವಾನ ಮುಗಸಬೇಕು" ಎಂದು ಓಡಿಸುತ್ತಾರೆ. ಬೈಲಹೊಂಗಲದ ಗಾಡಿ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕೂರುತ್ತಾರೆ. ಹುಡುಗರು ನಗುತ್ತಾರೆ. ಮೊನ್ನೆ ಉಮಾಶ್ರೀಯನ್ನು ನೋಡಲು ಬಂದವರು ಅವರ ಮುಖ ನೋಡಿ "ಹಿರ್ಯಾರಿಗೆ ತಲಿ ಸರಿ ಐತೇನ್ರಿ?" ಎಂದು ನನ್ನ ಗಂಡನನ್ನು ಕೇಳಿ ಹೋದರು. ಆಮೇಲೆ ಸುದ್ದಿಯಿಲ್ಲ.

ನಿನ್ನೆ ನನ್ನನ್ನು ಕರೆದು "ಕಾಂತೇಶಗ ಬರಿ, ತಪ್ಪಾತು ಅಂತ ಬರಿ" ಎಂದರು. ಎರಡು ಸಲ ಹೇಳಿದರು. ಅಪ್ಪ ಹಾಗೆ ಯಾರಿಗೂ ಹೇಳಿದವರಲ್ಲ. ಅಣ್ಣಾ, ದಯಮಾಡಿ ಒಮ್ಮೆ ಬಂದು ಆ ಅರ್ಧ ಮುಗಿಸಿ ಹೋಗಿರಿ.

ನಿಮ್ಮ ತಂಗಿಯಂಥ
ಗುರವ್ವ


ಬೈಲಹೊಂಗಲ
11 ಫೆಬ್ರವರಿ 1997

ಗುರವ್ವ ತಂಗಿಗೆ,

ನಿನ್ನ ಚಹಾ ಹಾಳಾಗಿದ್ದಕ್ಕೆ ಬೇಸರವಿದೆ. ನಿನ್ನ ಮೇಲೆ, ನಿನ್ನ ಮಗಳ ಮೇಲೆ ನನಗೆ ಏನೂ ಸಿಟ್ಟಿಲ್ಲ.

ಅಂದು ಪೂರ್ತಿ ಮಾಡಿಯೇ ಬರಬೇಕೆಂದು ಗಾಡಿ ಹತ್ತಿದ್ದೆ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಅವರು "ಭೇಷ್" ಎಂದರು. ನನ್ನ ಅಪ್ಪನ ಬಾಯಿಂದ ಕೊನೆಗೆ ಕೇಳಿದ ಮಾತು ನೆನಪಾಯಿತು, ಕೈ ನಿಂತಿತು.

ಕತ್ತಿಗೆ ಎಣ್ಣೆ ಸವರಿ ಅಪ್ಪನ ಬಟ್ಟೆಯಲ್ಲೇ ಸುತ್ತಿ ಇಟ್ಟಿದ್ದೇನೆ. ವಾರಕ್ಕೊಮ್ಮೆ ಪಟ್ಟೆಗೆ ಎಳೆಯುತ್ತೇನೆ. ಬಾಯಿ ಹಾಗೆಯೇ ಇದೆ ಎಂದು ಅವರಿಗೆ ಹೇಳು, ಕೇಳಿ ಸಂತೋಷಪಡುತ್ತಾರೆ.

ತಪ್ಪಾಯಿತು ಎಂಬುದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕುಳಿತಳು.

ನನ್ನ ಅಪ್ಪ ನಲವತ್ತೊಂದು ವರ್ಷ ಕಾದರು. ನಿನ್ನ ಅಪ್ಪನಿಗೆ ಇನ್ನೂ ಇಪ್ಪತ್ಮೂರೇ ದಿನ.

ಕಾಂತೇಶ